ಸಹಾಯ ಬೇಕು: ಪೋಪ್ ದೂತರಲ್ಲಿ ಯಾರ ಅಧಿಕಾರ ಎಷ್ಟು?

ಯುರೋಪಿನ ಇತಿಹಾಸ ಓದಿದವರು ಇದ್ದರೆ ಸ್ವಲ್ಪ ಬಿಡಿಸಿ ಹೇಳಿ. 1213ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ರಾಜ ಜಾನ್ ತನ್ನ ರಾಜ್ಯವನ್ನೇ ಪೋಪ್ ಮೂರನೇ ಇನ್ನೊಸೆಂಟ್‌ಗೆ ಒಪ್ಪಿಸಿ, ವರ್ಷಕ್ಕೆ 1,000 ಮಾರ್ಕ್ (ಆಗಿನ ಹಣದ ಲೆಕ್ಕ) ಕಪ್ಪ ಕೊಡುತ್ತೇನೆ ಎಂದು ಡೋವರ್ ಹತ್ತಿರ ಬರೆದುಕೊಟ್ಟ. ಎದುರಿಗಿದ್ದ ಪೋಪ್ ದೂತ ಪಾಂಡಲ್ಫ್, ಬರೀ ಸಬ್‌ಡೀಕನ್, ಅಂದರೆ ಪಾದ್ರಿಗಿಂತ ಕೆಳಗಿನ ದರ್ಜೆಯವ! ಆಮೇಲೆ ಪೋಪ್ ಕಡೆಯಿಂದ ಕಾರ್ಡಿನಲ್ (ಪೋಪ್ ನಂತರದ ದೊಡ್ಡ ದರ್ಜೆಯವ) ನಿಕೋಲಸ್ ಬಂದ; ಅದೇ ವರ್ಷದ ಅಕ್ಟೋಬರ್‌ನಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ಅವನ ಮುಂದೆ ಮತ್ತೆ ಅದೇ ಶರಣಾಗತಿ, ಈ ಸಲ ಪತ್ರಕ್ಕೆ ಚಿನ್ನದ ಮುದ್ರೆ ಬೇರೆ. ದೇಶದ ಚರ್ಚುಗಳ ಮೇಲೆ ಪೋಪ್ ಹಾಕಿದ್ದ ನಿಷೇಧವನ್ನು (ಪೂಜೆ, ಸಂಸ್ಕಾರಗಳಿಗೆ ತಡೆ) 1214ರಲ್ಲಿ ತೆಗೆದದ್ದೂ ಈ ನಿಕೋಲಸನೇ. ಹುಡುಕಿದಲ್ಲೆಲ್ಲ ಸಿಗುವುದು ಇಷ್ಟೇ: 'ಅ ಲಾಟೆರೆ' ಲೆಗೇಟ್ (ಪೋಪ್ ದೂತ) ಅಂದರೆ ಪೋಪ್ ಪಕ್ಕದಿಂದಲೇ ಹೊರಟ ಕಾರ್ಡಿನಲ್, ಅವನು ಬಂದರೆ ಪೋಪನೇ ಬಂದ ಹಾಗೆ. ಹಾಗಾದರೆ ಜಾನ್ ಮೊದಲು ಪಾಂಡಲ್ಫ್ ಎದುರು ಮಾಡಿದ ಶರಣಾಗತಿ ಚರ್ಚ್ ಕಾನೂನಿನ ಪ್ರಕಾರ ಸಾಲುತ್ತಿರಲಿಲ್ಲವಾ, ಅಥವಾ ಎರಡನೆಯದು ಸುಮ್ನೆ ಗಟ್ಟಿ ಮಾಡಿಕೊಳ್ಳಲಿಕ್ಕಾ?