ಅಪ್‌ಡೇಟ್: ಮೊದಲ ಆಲ್-ಗ್ರೇನ್ ಬಿಯರ್‌ನ ಗ್ರ್ಯಾವಿಟಿ ಸಮಸ್ಯೆ

ಸಿದ್ಧ ಸಾರದ ಬದಲು ಮಾಲ್ಟ್ ಕಾಳಿನಿಂದಲೇ (ಆಲ್-ಗ್ರೇನ್) ಮನೆಯಲ್ಲಿ ಬಿಯರ್ ಮಾಡಲು 2.5 ಕೆಜಿ ಪೇಲ್ ಮಾಲ್ಟ್‌ನಿಂದ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 10 ಲೀಟರ್ ವರ್ಟ್ (ಹುದುಗುವ ಮೊದಲಿನ ಸಿಹಿ ರಸ) ತೆಗೆದಾಗ ಗ್ರ್ಯಾವಿಟಿ (ರಸದಲ್ಲಿ ಸಕ್ಕರೆ ಎಷ್ಟಿದೆ ಎಂದು ಹೇಳುವ ಸಾಂದ್ರತೆಯ ಅಳತೆ; ನೀರಿಗೆ 1.000) 1.038ಕ್ಕೇ ಯಾಕೆ ನಿಂತಿತು ಅಂತ ಕೇಳಿದ್ದೆ. ಕಾರಣ ಸಿಕ್ಕಿತು: ಮಾಲ್ಟ್ ತೀರಾ ದಪ್ಪಗೆ ಒಡೆದು ಬಂದಿತ್ತು. ಇಡಿಯಾಗಿ ಉಳಿದ ಕಾಳಿನೊಳಗೆ ನೀರು ಇಳಿಯದಿದ್ದರೆ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡಲಾರವು. ಈ ಸಲ ದಪ್ಪ ರವೆಯ ಹದಕ್ಕೆ ಒಡೆದದ್ದು. ಬಟ್ಟೆ ಚೀಲದಲ್ಲಿ ಮ್ಯಾಶ್ ಮಾಡುವುದರಿಂದ (ಅಂದರೆ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿಡುವುದರಿಂದ) ಸೋಸುವಾಗ ಕಟ್ಟಿಕೊಳ್ಳುವ ಭಯ ಕಡಿಮೆ. 66 ಡಿಗ್ರಿಯಲ್ಲಿ 60 ನಿಮಿಷ, ನಡುವೆ ಆಗಾಗ ಕಲಕುವುದು. 1.047 ಬಂತು! ಇನ್ನೊಂದು ಮಾತು: ಬಿಸಿ ವರ್ಟ್‌ನಲ್ಲಿ ಗ್ರ್ಯಾವಿಟಿ ಅಳೆಯುವ ಹೈಡ್ರೋಮೀಟರ್ ಕಡಿಮೆ ತೋರಿಸುತ್ತದೆ, 20 ಡಿಗ್ರಿಗೆ ತಣಿಸಿಯೇ ಅಳೆಯಬೇಕು.

ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಹೂವು) ಕುದಿಸುವುದರಲ್ಲಿ ತೊಂದರೆಯಿಲ್ಲ. ಪುಣೆಯ ಏಪ್ರಿಲ್ ಸೆಖೆಯೇ ನಿಜವಾದ ತಲೆನೋವು. ಯೀಸ್ಟ್ ಹಾಕಿದ ಮೊದಲ ಕೆಲವು ದಿನ ಹುದುಗುವ ಡಬ್ಬದೊಳಗೆ ಕೋಣೆಗಿಂತ ಹೆಚ್ಚು ಬಿಸಿ ಇರುತ್ತದೆ. ಹಾಗೇ ಬಿಟ್ಟರೆ ಗಂಟಲು ಸುಡುವ ಘಾಟು ಬರುತ್ತದೆ. ಡಬ್ಬವನ್ನು ನೀರು ತುಂಬಿದ ಟಬ್ಬಿನಲ್ಲಿಟ್ಟು, ಐಸ್ ಕಟ್ಟಿದ ಬಾಟಲಿಗಳನ್ನು ಬೆಳಗ್ಗೆ-ಸಂಜೆ ಬದಲಿಸಿದರೆ 20ರ ಆಸುಪಾಸು ನಿಲ್ಲುತ್ತದೆ. ಯೀಸ್ಟ್ ಸಕ್ಕರೆ ತಿಂದು ಗ್ರ್ಯಾವಿಟಿ ಸದ್ಯ 1.010ಕ್ಕೆ ಇಳಿದಿದೆ. ಎರಡು-ಮೂರು ದಿನ ಬಿಟ್ಟು ಅಳೆದಾಗಲೂ ಅದೇ ಅಂಕಿ ಬಂದರಷ್ಟೇ ಲೀಟರಿಗೆ 6 ಗ್ರಾಂ ಸಕ್ಕರೆ ಸೇರಿಸಿ ಬಾಟಲಿಗೆ ತುಂಬುವುದು. ಹುದುಗು ಮುಗಿಯುವ ಮೊದಲೇ ತುಂಬಿದರೆ ಗಾಜು ಸಿಡಿಯುತ್ತದೆ.