ಬಿಯರ್ ಯೀಸ್ಟು: ಎಲ್ಲವೂ ‘ಕುಲಾಂತರಿ’ಯೇ?

ಎಲ್ಲರಿಗೂ ನಮಸ್ಕಾರ.

ಹಾಸನದ ನಮ್ಮ ಕಾಲೇಜಿನ ವಿಜ್ಞಾನ ಸಂಚಿಕೆಗೆ ಬಿಯರ್ ಯೀಸ್ಟಿನ ಬಗ್ಗೆ ಬರೆಯುತ್ತಿದ್ದೇನೆ. (ಬೇರೆ ವಿಷಯ ಸಿಗಲಿಲ್ಲವಾ ಅಂತ ಪ್ರಿನ್ಸಿಪಾಲರು ಕೇಳಿದ್ದಾಯಿತು, ನೀವು ಕೇಳಬೇಡಿ.) ಒಂದು ಪದ ಕಾಡುತ್ತಿದೆ.

ಜೀನ್ ಬದಲಾಯಿಸಿದ್ದಕ್ಕೆಲ್ಲ ನಾವು ‘ಕುಲಾಂತರಿ’ ಅನ್ನುತ್ತೇವೆ. ಬಿಟಿ ಹತ್ತಿ, ಬಿಟಿ ಬದನೆಯ ಗಲಾಟೆಯಲ್ಲಿ ರೂಢಿಯಾದ ಪದ. ಅಲ್ಲಿ ಅದು ಸರಿಯಾಗಿ ಕೂರುತ್ತದೆ. ಬ್ಯಾಕ್ಟೀರಿಯಾದ ಜೀನ್ ಗಿಡಕ್ಕೆ ಹೋಯಿತು, ಒಂದು ಕುಲದ್ದು ಇನ್ನೊಂದಕ್ಕೆ.

2018ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರು ಪುದೀನ ಮತ್ತು ಕಾಮಕಸ್ತೂರಿಯ ಜೀನ್‌ಗಳನ್ನು ಯೀಸ್ಟಿಗೆ ಸೇರಿಸಿದರು. ಲಿನಲೂಲ್, ಜೆರಾನಿಯಾಲ್ ಎಂಬ ಪರಿಮಳದ ವಸ್ತುಗಳನ್ನು ಆ ಯೀಸ್ಟೇ ತಯಾರಿಸಿತು. ಘಮಕ್ಕೆಂದು ಹಾಪ್ಸ್ ಹೂವು ಸುರಿಯದೆಯೂ ಬಿಯರಿಗೆ ಹಾಪ್ಸಿನ ಘಮ ಬಂತು. ಇದು ಕುಲಾಂತರಿಯೇ, ತಕರಾರಿಲ್ಲ.

ಬೆಲ್ಜಿಯಂನ ಲುವೆನ್ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಕೆಲಸ ಬೇರೆ ಥರದ್ದು. ಎತ್ತರದ ಮುಚ್ಚಿದ ಟ್ಯಾಂಕಿನಲ್ಲಿ ಬಿಯರ್ ಹುದುಗುವಾಗ ಇಂಗಾಲದ ಡೈಆಕ್ಸೈಡಿನ ಒತ್ತಡ ಜಾಸ್ತಿಯಾಗುತ್ತದೆ. ಆಗ ಬಾಳೆಹಣ್ಣಿನ ವಾಸನೆ ಕೊಡುವ ಐಸೊಅಮೈಲ್ ಅಸಿಟೇಟ್ ಕಡಿಮೆಯಾಗುತ್ತದೆ. ಅಂಥ ಒತ್ತಡದಲ್ಲೂ ವಾಸನೆ ಕೊಡುವ ಒಂದು ಯೀಸ್ಟನ್ನು ಅವರು ಹುಡುಕಿದರು. ಅದರ ಎಂಡಿಎಸ್3 ಎಂಬ ಜೀನಿನಲ್ಲಿದ್ದ ಸಣ್ಣ ವ್ಯತ್ಯಾಸವೇ ಕಾರಣ ಅಂತ ಗೊತ್ತಾಯಿತು. ಜೀನನ್ನು ಬೇಕಾದ ಕಡೆ ಕತ್ತರಿಸಿ ಬದಲಾಯಿಸುವ ಕ್ರಿಸ್ಪರ್ ಎಂಬ ತಂತ್ರ ಬಳಸಿ ಅದೇ ವ್ಯತ್ಯಾಸವನ್ನು ಬೇರೆ ಬಿಯರ್ ಯೀಸ್ಟುಗಳಲ್ಲೂ ಮಾಡಿದರು.

ಇಲ್ಲಿ ಪುದೀನವೂ ಇಲ್ಲ, ಕಾಮಕಸ್ತೂರಿಯೂ ಇಲ್ಲ. ಯೀಸ್ಟಿನದು ಯೀಸ್ಟಿಗೇ. ಇದಕ್ಕೂ ಕುಲಾಂತರಿ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಸದ್ಯಕ್ಕೆ ‘ಜೀನ್ ತಿದ್ದಿದ ಯೀಸ್ಟು’ ಅಂತ ಬರೆದಿದ್ದೇನೆ. ತಿದ್ದುವುದು ಅಂದರೆ ಮೊದಲು ತಪ್ಪಿತ್ತು ಅನ್ನಿಸುತ್ತದೆ ಅಂತ ಸಹೋದ್ಯೋಗಿಯೊಬ್ಬರ ಆಕ್ಷೇಪ. ಹುಬ್ಬು ತಿದ್ದುತ್ತೇವಲ್ಲ, ಹುಬ್ಬಿನದೇನು ತಪ್ಪು? ಅವರೇ ಸೂಚಿಸಿದ ‘ವಂಶವಾಹಿ ಪರಿಷ್ಕೃತ’ ನಾಲಿಗೆಯಲ್ಲಿ ಹೊರಳುವುದಿಲ್ಲ. ನೀವೇನು ಬಳಸುತ್ತೀರಿ?

ಯೀಸ್ಟನ್ನು ಯೀಸ್ಟಾಗಿಯೇ ಬಿಟ್ಟಿದ್ದೇನೆ. ‘ಕಿಣ್ವ’ ಸಂಸ್ಕೃತದಲ್ಲಿ ಹೆಂಡಕ್ಕೆ ಹಾಕುವ ಹುದುಗೇ ಆಗಿತ್ತು, ನಿಜ. ಆದರೆ ಪಠ್ಯಪುಸ್ತಕಗಳು ಅದನ್ನು ಎಂಜೈಮಿಗೆ ಕೊಟ್ಟುಬಿಟ್ಟಿವೆ. ಸುಮ್ನೆ ಮಕ್ಕಳಿಗೆ ಗೊಂದಲ.

ಕಾಡುವ ಇನ್ನೊಂದು ಪದ, ಫ್ಲೇವರ್. ‘ರುಚಿ’ ನಾಲಿಗೆಯದು, ಇಲ್ಲಿ ಕೆಲಸವೆಲ್ಲ ಮೂಗಿನದು. ‘ಸ್ವಾದ’ ಬಿಸ್ಕತ್ ಪೊಟ್ಟಣದ ಮೇಲಿನ ಕನ್ನಡ. ‘ಸೊಗಡು’ ಅನ್ನೋಣವೆಂದರೆ, ಅವರೆಕಾಯಿಗೆ ಸೊಗಡು ಮಣ್ಣಿನಿಂದ, ಇಬ್ಬನಿಯಿಂದ ಬಂತು ಅನ್ನುತ್ತೇವೆ. ಪ್ರಯೋಗಾಲಯದಲ್ಲಿ ಹುಟ್ಟಿದ ವಾಸನೆಗೆ ಆ ಪದ ಹೊಂದುತ್ತದಾ? ಅರಕಲಗೂಡು, ಸಕಲೇಶಪುರದ ಕಡೆಯವರು ಅವರೆಕಾಯಿ ಬಿಟ್ಟು ಬೇರೆ ಯಾವುದಕ್ಕೆ ಸೊಗಡು ಅನ್ನುತ್ತೀರಿ, ದಯವಿಟ್ಟು ತಿಳಿಸಿ.