ಶುಗರ್ ಕಂಟ್ರೋಲ್‌ಗೆ ಬಂದರೂ ಗ್ಯಾಡ್ ಆಂಟಿಬಾಡಿ ಯಾಕೆ ಇಳಿದಿಲ್ಲ?

ಪ್ರಶ್ನೆ:
ಅಣ್ಣನಿಗೆ 41 ವರ್ಷ. ಮೊದಲು ಟೈಪ್ 2 ಅಂದುಕೊಂಡು ಮೆಟ್‌ಫಾರ್ಮಿನ್ ಕೊಟ್ಟಿದ್ದರು. ಮಾತ್ರೆ ಜಾಸ್ತಿ ಮಾಡಿದರೂ ಶುಗರ್ ಬಗ್ಗಲಿಲ್ಲ, ತೂಕ ಇಳೀತಾನೇ ಹೋಯಿತು. ಆಮೇಲೆ ಗ್ಯಾಡ್ 65 ಆಂಟಿಬಾಡಿ (ಇನ್ಸುಲಿನ್ ಮಾಡುವ ಕೋಶಗಳ ಮೇಲೆ ದೇಹದ ರೋಗನಿರೋಧಕ ವ್ಯವಸ್ಥೆಯೇ ದಾಳಿ ಮಾಡ್ತಿರೋದರ ಗುರುತು) ಪಾಸಿಟಿವ್ ಬಂತು, ಲಾಡಾ (ಅಂಥ ದಾಳಿಯಿಂದ ದೊಡ್ಡವರಿಗೆ ನಿಧಾನವಾಗಿ ಬರುವ ಆಟೋಇಮ್ಯೂನ್ ಡಯಾಬಿಟಿಸ್) ಅಂದರು, ಇನ್ಸುಲಿನ್ ಶುರುವಾಯಿತು. ಈಗ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 6.8. ಆದರೆ ಮತ್ತೆ ಟೆಸ್ಟ್ ಮಾಡಿಸಿದರೆ ಗ್ಯಾಡ್ ಹಾಗೇ ಇದೆ, ಜೊತೆಗೆ ಈ ಸಲ ಇನ್ಸುಲಿನ್ ಆಂಟಿಬಾಡಿನೂ ಪಾಸಿಟಿವ್. ಇನ್ಸುಲಿನ್ನೇ ಕಾಯಿಲೆ ಹೆಚ್ಚಿಸ್ತಿದೆ, ನಿಲ್ಲಿಸ್ತೀನಿ ಅಂತ ಹಟ ಹಿಡಿದಿದ್ದಾನೆ. ಏನು ಹೇಳಲಿ?

ಉತ್ತರ 1:
ದಯವಿಟ್ಟು ನಿಲ್ಲಿಸೋಕೆ ಬಿಡಬೇಡಿ. ಲಾಡಾ ಇರುವವರು ತಾವಾಗೇ ಇನ್ಸುಲಿನ್ ಬಿಟ್ಟರೆ ಕೀಟೋಅಸಿಡೋಸಿಸ್ (ರಕ್ತದಲ್ಲಿ ಆಮ್ಲ ಏರುವ ಸ್ಥಿತಿ) ಆಗಬಹುದು, ಅದು ಜೀವಕ್ಕೇ ಅಪಾಯ. ಹೊರಗಿನಿಂದ ಇನ್ಸುಲಿನ್ ಚುಚ್ಚಿಕೊಂಡಾಗ ಅದರ ವಿರುದ್ಧ ದೇಹ ಆಂಟಿಬಾಡಿ ಮಾಡಿಕೊಳ್ಳೋದು ಮಾಮೂಲು, ಹೆಚ್ಚಿನವರಿಗೆ ಅದರಿಂದ ತೊಂದರೆಯೂ ಇಲ್ಲ. ಅದು ಕಾಯಿಲೆಯಿಂದ ಬಂದದ್ದೋ ಇಂಜೆಕ್ಷನ್‌ನಿಂದ ಬಂದದ್ದೋ ಅಂತ ಸಾಮಾನ್ಯ ಟೆಸ್ಟ್ ಹೇಳಲ್ಲ. ಹಾಗಾಗಿ ಆ ಟೆಸ್ಟನ್ನು ಇನ್ಸುಲಿನ್ ಶುರು ಮಾಡುವ ಮೊದಲೇ, ಇಲ್ಲವೇ ಶುರುವಾದ ಎರಡು ವಾರದೊಳಗೆ ಮಾಡಿಸಿದರೆ ಮಾತ್ರ ಅರ್ಥ.

ಉತ್ತರ 2:
ಗ್ಯಾಡ್ ವಿಷಯಕ್ಕೆ ಬರ್ತೀನಿ. ಇನ್ಸುಲಿನ್ ಮಾಡುವ ಬೀಟಾ ಕೋಶಗಳನ್ನು ಮುಖ್ಯವಾಗಿ ಹಾಳು ಮಾಡೋದು ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳು. ಆಂಟಿಬಾಡಿ ಆ ದಾಳಿಯ ಗುರುತು ಅಷ್ಟೇ. ಇನ್ಸುಲಿನ್ ಶುಗರ್ ಇಳಿಸುತ್ತದೆ, ರೋಗನಿರೋಧಕ ವ್ಯವಸ್ಥೆಯ ತಪ್ಪನ್ನು ತಿದ್ದಲ್ಲ, ಹಾಗಿರುವಾಗ ಗ್ಯಾಡ್ ಯಾಕೆ ಇಳೀಬೇಕು ಹೇಳಿ? ಚಿಕಿತ್ಸೆ ಫಲ ಕೊಡ್ತಿದೆಯಾ ಅಂತ ನೋಡೋಕೆ ಅದನ್ನು ಪದೇ ಪದೇ ಮಾಡಿಸೋದು ಸುಮ್ನೆ ದುಡ್ಡು ದಂಡ. ಮಾಡಿಸೋದಾದರೆ ಸಿ-ಪೆಪ್ಟೈಡ್ ಮಾಡಿಸಿ, ಜೊತೆಗೇ ಶುಗರ್ ಕೂಡ ನೋಡಿಸಿ. ದೇಹ ಸ್ವಂತ ಇನ್ಸುಲಿನ್ ಎಷ್ಟು ಮಾಡ್ತಿದೆ ಅಂತ ಅದರಲ್ಲಿ ಗೊತ್ತಾಗುತ್ತದೆ. ಲೀಟರಿಗೆ 200 ಪಿಕೋಮೋಲ್‌ಗಿಂತ ಕಡಿಮೆ ಬಂದರೆ ಟೈಪ್ 1ರ ಹಾಗೇ ನೋಡಿಕೊಳ್ಳಬೇಕು.

ಉತ್ತರ 3:
ಹೌದು, ಆದರೆ ಒಂದು ಮಾತು. ಗ್ಯಾಡ್ ಮೊದಲ ಸಲ ಬಾರ್ಡರ್‌ನಲ್ಲಿ ಬಂದಿತ್ತಾ? ಅಂಥ ಪಾಸಿಟಿವ್ ಕೆಲವೊಮ್ಮೆ ಸುಳ್ಳಾಗಿರುತ್ತದೆ. ಗ್ಯಾಡ್ ಥರದ್ದೇ ಆದ ಐಎ-2, ಝಿಂಕ್ ಟ್ರಾನ್ಸ್‌ಪೋರ್ಟರ್ 8 ಆಂಟಿಬಾಡಿಗಳನ್ನೂ ನೋಡಿಸಬೇಕಾ ಅಂತ ಡಾಕ್ಟರ್‌ರನ್ನು ಕೇಳಿ, ಇವೆರಡಕ್ಕೆ ಇನ್ಸುಲಿನ್ ಇಂಜೆಕ್ಷನ್ ಅಡ್ಡಿ ಬರಲ್ಲ. ಥೈರಾಯ್ಡ್ ಕೂಡ ಒಮ್ಮೆ ನೋಡಿಸಿಬಿಡಿ, ಈ ಆಟೋಇಮ್ಯೂನ್ ಕಾಯಿಲೆಗಳು ಜೊತೆಜೊತೆಗೇ ಬರೋದು ಜಾಸ್ತಿ. ಬೀಟಾ ಕೋಶಗಳಿಂದ ಇನ್ಸುಲಿನ್ ಹೊರಡಿಸುವ ಗ್ಲಿಮೆಪಿರೈಡ್ ಥರದ ಮಾತ್ರೆ ಲಾಡಾಗೆ ಸರಿಹೋಗಲ್ಲ. ಡಪಾಗ್ಲಿಫ್ಲೋಜಿನ್ (ಮೂತ್ರದಲ್ಲಿ ಶುಗರ್ ಹೊರಹಾಕುವ ಮಾತ್ರೆ) ತಗೊಳ್ತಿದ್ದರೆ ತಕ್ಷಣ ಡಾಕ್ಟರ್‌ಗೆ ತಿಳಿಸಿ, ಅದರಲ್ಲಿ ಶುಗರ್ ತೀರಾ ಏರದೆಯೂ ಕೀಟೋಅಸಿಡೋಸಿಸ್ ಆಗಬಹುದು.

ಪ್ರಶ್ನೆ ಕೇಳಿದವರು:
ಗ್ಲಿಮೆಪಿರೈಡ್ ಇನ್ನೂ ಚೀಟಿಯಲ್ಲಿದೆ! ನಾಳೆನೇ ಅಣ್ಣನನ್ನು ಕರ್ಕೊಂಡು ಹೋಗಿ ಕೇಳ್ತೀನಿ. ಅಲ್ಲಿವರೆಗೂ ಇನ್ಸುಲಿನ್ ತಪ್ಪಿಸಲ್ಲ ಅಂತ ಒಪ್ಪಿಕೊಂಡಿದ್ದಾನೆ.